ಅಂತಃಪುರದ ಪಿಸುಮಾತು

ಅರಮನೆಯ ಊಳಿಗವೆಂದೊಡನೆ ಚಾಮರ ಬೀಸುವ, ತಾಂಬೂಲದ ಕರಂಡಕ ಹಿಡಿದು ನಿಲ್ಲುವ ದಾಸಿಯರು ನಮ್ಮ ಕಣ್ಣಿಗೆ ಕಟ್ಟುತ್ತಾರೆ. ಆಂಗ್ಲ ರಾಣಿವಾಸದ ರೀತಿ ಬೇರೆ. ಅಲ್ಲಿ ರಾಣಿಯ ಬಳಿ ಇರುತ್ತಿದ್ದವರು ಡ್ಯೂಕರ, ಅರ್ಲರ ಮನೆತನದ ಹೆಣ್ಣುಮಕ್ಕಳು. ಉಡುಪಿನ ಮೇಲ್ವಿಚಾರಣೆಯ ಹಿರಿಯಾಕೆ ಸಾಮಾನ್ಯವಾಗಿ ಡಚೆಸ್. ಅವಳ ತರುವಾಯ ಶಯ್ಯಾಗೃಹದ ಕುಲೀನೆಯರು. ಅನಂತರ ಅವಿವಾಹಿತ ಸಖಿಯರು. ರಾಣಿಯೊಡನೆ ಊಟ, ಸವಾರಿ, ಸಲ್ಲಾಪ—ಕೆಲಸವೇನೋ ಹಗುರವೇ. ಆದರೆ ರಾಣಿಯ ಕಿವಿಗೆ ಹತ್ತಿರವಿರುವುದು ಸಣ್ಣ ಅಧಿಕಾರವಲ್ಲ. ಸಣ್ಣ ಅಪಾಯವೂ ಅಲ್ಲ. ಲೇಡಿ ಫ್ಲೋರಾ ಹೇಸ್ಟಿಂಗ್ಸಳ ಕಥೆಯೇ ಇದಕ್ಕೆ ಸಾಕ್ಷಿ.

ಈಕೆಯ ತಂದೆಯ ಹೆಸರನ್ನು ನಾವು ಶಾಲೆಯ ಚರಿತ್ರೆಯಲ್ಲಿ ಓದಿದ್ದೇವೆ. ವಾರನ್ ಹೇಸ್ಟಿಂಗ್ಸನಲ್ಲ, 1813ರಿಂದ 1823ರವರೆಗೆ ಗವರ್ನರ್ ಜನರಲ್ ಆಗಿದ್ದು, ಪೇಶ್ವೆಯ ಆಳ್ವಿಕೆಯನ್ನು ಕೊನೆಗಾಣಿಸಿದ ಮಾರ್ಕ್ವಿಸ್ ಹೇಸ್ಟಿಂಗ್ಸ್. ಅವನ ಮಗಳು ವಿಕ್ಟೋರಿಯಾ ರಾಣಿಯ ತಾಯಿಯಾದ ಕೆಂಟಿನ ಡಚೆಸಳ ಸಖಿಯಾಗಿದ್ದಳು.

1837ರಲ್ಲಿ, 18ರ ಪ್ರಾಯದಲ್ಲಿ ಪಟ್ಟವೇರಿದ ವಿಕ್ಟೋರಿಯಾಳಿಗೆ ತಾಯಿಯನ್ನು ಕಂಡರೆ ಆಗದು. ತಾಯಿಯ ಮನೆವಾರ್ತೆಯನ್ನು ಕೈಯಲ್ಲಿಟ್ಟುಕೊಂಡು, ತನ್ನ ಬಾಲ್ಯವನ್ನೇ ಸೆರೆಮನೆಯಾಗಿಸಿದ್ದ ಸರ್ ಜಾನ್ ಕಾನ್ರಾಯನ ಹೆಸರೆತ್ತಿದರಂತೂ ಮೈ ಉರಿ. ಫ್ಲೋರಾ ಅವರ ಪಕ್ಷದವಳು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಬೀಳುವುದಕ್ಕೆ ನೆಪವೊಂದು ಬೇಕಾಗಿತ್ತು.

1839ರ ಜನವರಿಯಲ್ಲಿ ಅದು ದೊರೆಯಿತು. ಸ್ಕಾಟ್ಲೆಂಡಿನಿಂದ ಹಿಂತಿರುಗಿದ ಫ್ಲೋರಾ ಹೊಟ್ಟೆನೋವೆಂದು ಅರಮನೆಯ ವೈದ್ಯ ಸರ್ ಜೇಮ್ಸ್ ಕ್ಲಾರ್ಕನಲ್ಲಿ ಹೇಳಿಕೊಂಡಳು. ಹೊಟ್ಟೆ ಉಬ್ಬಿತ್ತು. ಬರುವಾಗ ಕಾನ್ರಾಯನೊಡನೆ ಒಂದೇ ಗಾಡಿಯಲ್ಲಿ ಪಯಣಿಸಿದ್ದಳು. ಇಷ್ಟು ಸಾಲದೆ? ರಾಣಿಯ ಹಿಂದಿನ ಗೃಹಶಿಕ್ಷಕಿ ಲೇಟ್ಸೆನ್, ಸಖಿ ಲೇಡಿ ಟ್ಯಾವಿಸ್ಟಾಕ್ ಪಿಸುಗುಟ್ಟಿದರು. ಫ್ಲೋರಾ ಗರ್ಭಿಣಿಯೆಂದೂ ಕಾನ್ರಾಯನೇ ಅದಕ್ಕೆ ಕಾರಣನೆಂದೂ ರಾಣಿ ದಿನಚರಿಯಲ್ಲಿಯೇ ಬರೆದುಕೊಂಡಳು! ಕಳಂಕ ತೊಳೆದುಕೊಳ್ಳಲು ಆ ಮಾನವಂತೆಗೆ ಉಳಿದುದು ಒಂದೇ ದಾರಿ. ಫೆಬ್ರವರಿ 17ರಂದು ಇಬ್ಬರು ವೈದ್ಯರ ದೇಹಪರೀಕ್ಷೆಗೆ ಒಳಗಾದಳು. ಆಕೆ ಕನ್ಯೆಯೆಂದು ಅವರು ಬರೆದುಕೊಟ್ಟರು.

ರಾಣಿ ವಿಷಾದ ಸೂಚಿಸಿದಳು. ಆದರೆ ಕ್ಲಾರ್ಕ್ ಅವಳ ವೈದ್ಯನಾಗಿಯೇ ಉಳಿದನು, ಪಿಸುಗುಟ್ಟಿದವರಿಗೆ ಶಿಕ್ಷೆಯಾಗಲಿಲ್ಲ. ನ್ಯಾಯ ಕಾಣದ ಬಂಧುಗಳು ಪತ್ರಗಳನ್ನು ವೃತ್ತಪತ್ರಿಕೆಗಳಿಗೆ ಕೊಟ್ಟರು. ಅಂತಃಪುರದ ಗುಟ್ಟು ಬೀದಿಗೆ ಬಂದಿತು.

ಅದೇ ಮೇ ತಿಂಗಳಲ್ಲಿ ಪ್ರಧಾನಿ ಮೆಲ್ಬರ್ನ್ ರಾಜೀನಾಮೆಯಿತ್ತನು. ಹೊಸ ಸರ್ಕಾರ ರಚಿಸಬೇಕಾದ ಸರ್ ರಾಬರ್ಟ್ ಪೀಲ್, ಎದುರುಪಕ್ಷದವರ ಮಡದಿಯರೇ ತುಂಬಿದ್ದ ರಾಣಿಯ ಪರಿವಾರದಲ್ಲಿ ಕೆಲವರನ್ನಾದರೂ ಬದಲಿಸಬೇಕೆಂದನು. ಒಬ್ಬಳನ್ನೂ ಬಿಡೆನೆಂದು ರಾಣಿ ಹಟ ಹಿಡಿದಳು. ಪೀಲ್ ಹಿಂದೆ ಸರಿದನು. ಮೆಲ್ಬರ್ನನೇ ಮರಳಿ ಬಂದನು. ತನ್ನ ಸಖಿಯರಿಗಾಗಿ ಸರ್ಕಾರವನ್ನೇ ಅಲುಗಿಸಿದ ಈ ರಾಣಿಗೆ ತಾಯಿಯ ಸಖಿಯ ಮಾನ ಕಾಯುವುದು ಆಗಲಿಲ್ಲವಲ್ಲ!

ಜೂನಿನಲ್ಲಿ ಆಸ್ಕಟ್ ಕುದುರೆಪಂದ್ಯಕ್ಕೆ ಹೋದ ರಾಣಿಯನ್ನು ಕೆಲವರು ಮೂದಲಿಸಿದರು. 27ರಂದು ಅವಳು ಫ್ಲೋರಾಳನ್ನು ನೋಡಲು ಹೋದಳು. ಹಾಸಿಗೆಯಲ್ಲಿದ್ದುದು ಎಲುಬಿನ ಗೂಡು, ಹೊಟ್ಟೆಯೊಂದೇ ಊದಿತ್ತು. ಜುಲೈ 5ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿಯೇ ಫ್ಲೋರಾ ತೀರಿಕೊಂಡಳು. ವಯಸ್ಸು 33. ಶವಪರೀಕ್ಷೆಯಲ್ಲಿ ಕಂಡುದು ಬಹಳ ಹಿಗ್ಗಿದ ಯಕೃತ್ತು. ಆಕೆ ಬರೆದಿಟ್ಟ ಕವನಗಳನ್ನು 1841ರಲ್ಲಿ ತಂಗಿ ಅಚ್ಚು ಹಾಕಿಸಿದಳು.

2022ರಲ್ಲಿ ರಾಣಿ ಕೆಮಿಲ್ಲಾ ಸಖಿಯರ ಹಳೆಯ ಪದ್ಧತಿಯನ್ನು ಕೈಬಿಟ್ಟು ಆರು ಮಂದಿ ಒಡನಾಡಿಗಳನ್ನು ಆರಿಸಿಕೊಂಡಳು. ಪದವಿಯ ಹೆಸರು ಬದಲಾಯಿಸುವುದು ಸುಲಭ. ನಾಲಗೆಯ ಸ್ವಭಾವ ಹಾಗಲ್ಲ. ಅದು ಅರಮನೆಯಲ್ಲಿಯೂ ಒಂದೇ, ನಮ್ಮ ಬಾವಿಕಟ್ಟೆಯಲ್ಲಿಯೂ ಒಂದೇ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಬ್ಬರು ವೈದ್ಯರು ರುಜು ಹಾಕಿಕೊಟ್ಟ ಕಾಗದವೂ ಆಡಿದ ಮಾತನ್ನು ಹಿಂದಕ್ಕೆ ತರಲಾರದೆ ಹೋಯಿತು.