‘ಒಂದು ತುತ್ತು ತಿಂದರೆ ಏನೂ ಆಗಲ್ಲ’ ಎನ್ನುವುದು ನಿಜವೇ? ಆಹಾರದ ಅಲರ್ಜಿ ಇರುವವರು ಹೋಟೆಲ್‌ನಲ್ಲಿ ಊಟ ಮಾಡುವುದು ಹೇಗೆ?

ಡಿಸೆಂಬರ್, ಜನವರಿ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು ಬೇಲೂರು, ಹಳೇಬೀಡಿನ ದಾರಿ ಹಿಡಿಯುತ್ತವೆ. ಮಕ್ಕಳು ಹೊಯ್ಸಳೇಶ್ವರ ದೇವಸ್ಥಾನ ನೋಡಿ, ಪಕ್ಕದ ಬಸ್ತಿಹಳ್ಳಿಯಲ್ಲಿರುವ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳನ್ನೂ ಸುತ್ತಿ ಬರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಕೆಲವರ ಡಬ್ಬಿಯಲ್ಲಿ ಪುಳಿಯೋಗರೆ, ಕೆಲವರದ್ದು ಚಿತ್ರಾನ್ನ, ಉಳಿದವರಿಗೆ ರಸ್ತೆ ಬದಿಯ ಹೋಟೆಲ್. ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ಆ ಗುಂಪಿನಲ್ಲಿ ಕಡಲೆಕಾಯಿ ಬೀಜ ಅಥವಾ ಹಾಲಿನ ಅಲರ್ಜಿ ಇರುವ ಒಂದು ಮಗು ಇದ್ದರೆ? ಅಪ್ಪ ಅಮ್ಮ ಜೊತೆಗಿಲ್ಲ. ಮೇಷ್ಟ್ರಿಗೆ ವಿಷಯ ಗೊತ್ತಿಲ್ಲ. ‘ಒಂದು ತುತ್ತು ತಿನ್ನು, ಏನೂ ಆಗಲ್ಲ’ ಎಂದು ಗೆಳೆಯರು ಒತ್ತಾಯಿಸುತ್ತಾರೆ.

ಈ ಮಾತು ಎಷ್ಟು ನಿಜ? ವಾಟ್ಸಾಪ್‌ನಲ್ಲಿ ಓಡಾಡುವ ಸಲಹೆಗಳಲ್ಲಿ ಯಾವುದನ್ನು ನಂಬಬಹುದು?

ಅಲರ್ಜಿ ಎಂದರೆ ಏನು?

ಕನ್ನಡದಲ್ಲಿ ‘ನನಗೆ ಅದು ಆಗಲ್ಲ’ ಎನ್ನುವ ಒಂದೇ ಮಾತಿಗೆ ಹಲವು ಅರ್ಥಗಳಿವೆ. ಇಷ್ಟವಿಲ್ಲ, ವ್ರತವಿದೆ, ತಿಂದರೆ ಗ್ಯಾಸ್ ಆಗುತ್ತದೆ, ತಿಂದರೆ ಉಸಿರು ಕಟ್ಟುತ್ತದೆ ಎಲ್ಲಕ್ಕೂ ‘ಆಗಲ್ಲ’ ಎಂದೇ ಹೇಳುತ್ತೇವೆ. ವೈದ್ಯರು ಇವನ್ನು ಬೇರೆ ಬೇರೆಯಾಗಿ ನೋಡುತ್ತಾರೆ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವ ಬಹಳಷ್ಟು ಜನರಿಗೆ ಇರುವುದು ಅಲರ್ಜಿ ಅಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಅವರಿಗೆ ಜೀರ್ಣವಾಗುವುದಿಲ್ಲ. ಇದರಿಂದ ಹಿಂಸೆಯಾಗುತ್ತದೆ, ಜೀವಕ್ಕೆ ಅಪಾಯವಿಲ್ಲ.

ಅಲರ್ಜಿಯಲ್ಲಿ ನಡೆಯುವುದೇ ಬೇರೆ. ದೇಹದ ರೋಗನಿರೋಧಕ ವ್ಯವಸ್ಥೆ ಆಹಾರದ ಪ್ರೋಟೀನನ್ನು ಶತ್ರು ಎಂದು ತಪ್ಪು ತಿಳಿದು, ಐಜಿಇ ಎಂಬ ಪ್ರತಿಕಾಯಗಳನ್ನು ಮೊದಲೇ ತಯಾರಿಸಿ ಇಟ್ಟುಕೊಂಡಿರುತ್ತದೆ. ಅದೇ ಪ್ರೋಟೀನ್ ಮತ್ತೆ ಒಳಗೆ ಬಂದಾಗ ಕೆಲವು ಕಣಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಒಮ್ಮೆಲೇ ಸುರಿಯುತ್ತವೆ. ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈ ತುರಿಕೆ, ಗಂಧೆ, ತುಟಿ ಊತ, ವಾಂತಿ ಶುರುವಾಗಬಹುದು. ಗಂಟಲು ಕಟ್ಟಿ, ರಕ್ತದೊತ್ತಡ ಕುಸಿದರೆ ಅದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರುವ ಸ್ಥಿತಿ. ಇದಕ್ಕೆ ತಟ್ಟೆ ತುಂಬ ತಿನ್ನಬೇಕಿಲ್ಲ. ತೀವ್ರ ಅಲರ್ಜಿ ಇರುವವರಿಗೆ ಚಟ್ನಿಯಲ್ಲಿ ಬೆರೆತ ಅರ್ಧ ಬೀಜವೂ ಸಾಕಾಗಬಹುದು. ಹಾಗಾಗಿ ‘ಒಂದು ತುತ್ತು ಪರವಾಗಿಲ್ಲ’ ಎನ್ನುವುದು ತಪ್ಪು.

ಕರ್ನಾಟಕದಲ್ಲಿ ಎಷ್ಟು ಜನರಿಗಿದೆ?

ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ನಡೆದ ಅಧ್ಯಯನದಲ್ಲಿದೆ. ಯೂರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಯೋಜನೆಯ ಭಾಗವಾಗಿ ಬೆಂಗಳೂರು ಮತ್ತು ಮೈಸೂರಿನ 20ರಿಂದ 54 ವರ್ಷದ 11,791 ಜನರನ್ನು ಸಂಶೋಧಕರು ಸಮೀಕ್ಷೆಗೆ ಒಳಪಡಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆಹಾರದ ಅಲರ್ಜಿ ಇರುವ ಸಾಧ್ಯತೆ ಕಂಡದ್ದು ಶೇ 1.2ರಷ್ಟು ಜನರಲ್ಲಿ, ಅಂದರೆ ಹೆಚ್ಚುಕಡಿಮೆ 80 ಜನರಲ್ಲಿ ಒಬ್ಬರಿಗೆ. ಮುಖ್ಯವಾಗಿ ಹಸುವಿನ ಹಾಲು ಮತ್ತು ಸೇಬಿಗೆ.

ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನೂ ಗಮನಿಸಿ. ಯಾವುದಾದರೊಂದು ಆಹಾರದ ವಿರುದ್ಧ ರಕ್ತದಲ್ಲಿ ಪ್ರತಿಕಾಯ ಇದ್ದವರು ಶೇ 26.5. ಅಂದರೆ ರಕ್ತ ಪರೀಕ್ಷೆಯಲ್ಲಿ ‘ಪಾಸಿಟಿವ್’ ಬಂದವರಲ್ಲಿ ಬಹುಪಾಲು ಜನ ಆ ಆಹಾರವನ್ನು ನೆಮ್ಮದಿಯಾಗಿ ತಿನ್ನುತ್ತಿದ್ದಾರೆ. ‘ಒಂದೇ ರಕ್ತ ಪರೀಕ್ಷೆ, ನೂರಾರು ಅಲರ್ಜಿ ಪತ್ತೆ’ ಎಂಬ ಜಾಹೀರಾತನ್ನು ನೋಡಿ ಪರೀಕ್ಷೆ ಮಾಡಿಸಿ, ವರದಿಯಲ್ಲಿದ್ದ ಬೇಳೆ, ತರಕಾರಿಗಳನ್ನೆಲ್ಲ ಮಗುವಿನ ತಟ್ಟೆಯಿಂದ ತೆಗೆದುಹಾಕಬೇಡಿ. ತಿಂದಾಗ ಏನಾಯಿತು ಎಂಬ ವಿವರದ ಜೊತೆಗೆ ವರದಿಯನ್ನು ನೋಡಿ ವೈದ್ಯರು ತೀರ್ಮಾನಿಸಬೇಕು.

‘ಕಡಲೆ ಹಾಕಿದ್ದೀರಾ?’ ಎಂದು ಕೇಳಿದರೆ ಸಾಲದು

ಹೊರಗೆ ತಿನ್ನುವಾಗ ನಿಜವಾದ ತೊಡಕು ಇಲ್ಲಿದೆ. ‘ಕಡಲೆ ಇದೆಯಾ?’ ಎಂದು ಕೇಳಿದರೆ ಅಡುಗೆಯವರು ಕಡಲೆಬೇಳೆ ಎಂದುಕೊಳ್ಳಬಹುದು, ಹುರಿಗಡಲೆ ಎಂದುಕೊಳ್ಳಬಹುದು, ಕಾಬೂಲಿ ಕಡಲೆ ಎಂದೂ ಅಂದುಕೊಳ್ಳಬಹುದು. ಹಳೇ ಮೈಸೂರು ಕಡೆಯ ಕಡಲೆಕಾಯಿ ಬೀಜ ಉತ್ತರ ಕರ್ನಾಟಕದವರಿಗೆ ಶೇಂಗಾ, ಕರಾವಳಿಯವರಿಗೆ ನೆಲಗಡಲೆ. ಅಡುಗೆಯವರು ಯಾವ ಕಡೆಯವರೋ ಗೊತ್ತಿಲ್ಲದಿದ್ದಾಗ ಎರಡು ಮೂರು ಹೆಸರನ್ನೂ ಹೇಳುವುದು ಒಳ್ಳೆಯದು.

ಕೆಲವು ಪದಾರ್ಥಗಳು ಎಲ್ಲಿ ಅಡಗಿರುತ್ತವೆ ನೋಡಿ:

• ಕಡಲೆಕಾಯಿ ಬೀಜ: ಚಿತ್ರಾನ್ನ, ಪುಳಿಯೋಗರೆಯಲ್ಲಿ ಕಣ್ಣಿಗೆ ಕಾಣುತ್ತದೆ. ಚಟ್ನಿ, ಎಣ್ಣೆಗಾಯಿ, ಪಲ್ಯದ ಪುಡಿಯಲ್ಲಿ ರುಬ್ಬಿದ ಮೇಲೆ ಕಾಣುವುದಿಲ್ಲ.

• ಹಾಲು: ರವೆ ಇಡ್ಲಿಗೆ, ಗೋಳಿಬಜೆಗೆ ಮೊಸರು ಬೀಳುತ್ತದೆ. ದೋಸೆಯ ಮೇಲೆ ಬೆಣ್ಣೆ, ಪೊಂಗಲ್ ಮತ್ತು ಕೇಸರಿಬಾತಿಗೆ ತುಪ್ಪ. ತುಪ್ಪದಲ್ಲೂ ಹಾಲಿನ ಪ್ರೋಟೀನಿನ ಅಂಶ ಸ್ವಲ್ಪ ಉಳಿದಿರಬಹುದು.

• ಎಳ್ಳು: ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಚಿಕ್ಕಿ, ಸಂಕ್ರಾಂತಿಯ ಎಳ್ಳು ಬೆಲ್ಲ.

• ಗೋಧಿ: ಅಂಗಡಿಯ ಇಂಗಿನ ಪುಡಿಗೆ ಮೈದಾ ಬೆರೆಸುವುದು ಸಾಮಾನ್ಯ. ಹಾಗಾಗಿ ಸಾರು, ಸಾಂಬಾರಿನಲ್ಲೂ ಗೋಧಿಯ ಅಂಶ ಇರಬಹುದು. ಗೋಬಿ ಮಂಚೂರಿಗೆ ಹಾಕುವ ಸೋಯಾ ಸಾಸ್‌ನಲ್ಲಿ ಸೋಯಾ ಜೊತೆ ಗೋಧಿಯೂ ಇರುತ್ತದೆ.

ಹಸಿರು ಚುಕ್ಕೆ, ‘ಪ್ಯೂರ್ ವೆಜ್’ ಬೋರ್ಡು ಮತ್ತು ಕಾನೂನು

ಹಸಿರು ಚುಕ್ಕೆ ಇದ್ದರೆ ಸುರಕ್ಷಿತ ಎಂದು ಹಲವರು ಭಾವಿಸುತ್ತಾರೆ. ಆ ಚುಕ್ಕೆ ಹೇಳುವುದು ಸಸ್ಯಾಹಾರ ಎಂದಷ್ಟೇ. ಹಾಲು, ಕಡಲೆಕಾಯಿ, ಗೋಡಂಬಿ, ಎಳ್ಳು, ಗೋಧಿ ಎಲ್ಲವೂ ಅದರೊಳಗೇ ಬರುತ್ತವೆ.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ ಪೊಟ್ಟಣದ ಆಹಾರದಲ್ಲಿ ಗ್ಲುಟೆನ್ ಇರುವ ಧಾನ್ಯ, ಸಿಗಡಿ ಏಡಿ ಜಾತಿ, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ ಬಾದಾಮಿಯಂಥ ಬೀಜ, ಸೋಯಾ, ಹಾಲು, ನಿಗದಿತ ಪ್ರಮಾಣಕ್ಕಿಂತ ಹೆಚ್ಚಿನ ಸಲ್ಫೈಟ್ ಇದ್ದರೆ ಅದನ್ನು ಪ್ರತ್ಯೇಕವಾಗಿ ತಿಳಿಸಬೇಕು. ಈ ಪಟ್ಟಿಯಲ್ಲಿ ಎಳ್ಳು ಇಲ್ಲ. ಅಮೆರಿಕದಲ್ಲಿ 2023ರಿಂದ ಎಳ್ಳನ್ನು ಲೇಬಲ್‌ನಲ್ಲಿ ಹೇಳುವುದು ಕಡ್ಡಾಯ. ಬ್ರಿಟನ್ನಿನಲ್ಲಿ 2016ರಲ್ಲಿ 15 ವರ್ಷದ ನತಾಶಾ ಎಂಬ ಹುಡುಗಿ ಬ್ರೆಡ್ಡಿನ ಹಿಟ್ಟಿನೊಳಗೆ ಸೇರಿದ್ದ ಎಳ್ಳಿನಿಂದ ತೀರಿಕೊಂಡಳು. ಅಂಗಡಿಯಲ್ಲೇ ತಯಾರಿಸಿ ಪೊಟ್ಟಣ ಕಟ್ಟಿದ ತಿಂಡಿಗೂ ಪೂರ್ತಿ ಪದಾರ್ಥಗಳ ಪಟ್ಟಿ ಇರಬೇಕೆಂಬ ಕಾನೂನು ಅವಳ ಹೆಸರಿನಲ್ಲೇ 2021ರಲ್ಲಿ ಅಲ್ಲಿ ಜಾರಿಯಾಯಿತು.

ನಮ್ಮಲ್ಲಿ ಮೆನು ಕಾರ್ಡಿನಲ್ಲಿ ಅಲರ್ಜಿ ಮಾಹಿತಿ ಕೊಡಬೇಕಾದವರು ಕೇಂದ್ರ ಪರವಾನಗಿ ಪಡೆದ ಅಥವಾ 10 ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲ್‌ನವರು ಮಾತ್ರ. ಹಳೇಬೀಡಿನ ಬಸ್ ಸ್ಟ್ಯಾಂಡ್ ಬಳಿಯ ಸಣ್ಣ ಹೋಟೆಲ್‌ಗಾಗಲಿ, ಗಾಡಿಯ ಎಗ್ ರೈಸ್‌ಗಾಗಲಿ ಈ ನಿಯಮ ತಾಗುವುದಿಲ್ಲ. ಅಲ್ಲಿ ನೀವು ಬಾಯಿಬಿಟ್ಟು ಕೇಳುವುದೊಂದೇ ದಾರಿ.

ಸೌಟು, ಕಾವಲಿ, ಎಣ್ಣೆ

‘ಬೀಜ ಆರಿಸಿ ತೆಗೆದು ಕೊಡುತ್ತೇನೆ’ ಎಂದರೆ ಒಪ್ಪಬೇಡಿ. ಪ್ರೋಟೀನ್ ಆಗಲೇ ಅನ್ನಕ್ಕೆ ಅಂಟಿರುತ್ತದೆ. ಆಮ್ಲೆಟ್ ಹಾಕಿದ ಕಾವಲಿಯಲ್ಲೇ ದೋಸೆ ಹೊಯ್ದರೆ, ಒಂದೇ ಸೌಟಿನಲ್ಲಿ ಎರಡು ಚಟ್ನಿ ಬಡಿಸಿದರೆ, ಗೋಬಿ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿದರೆ ಅಲರ್ಜಿಯ ಪದಾರ್ಥ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ಇದನ್ನು ಅಡುಗೆಯವರಿಗೆ ತಿಳಿಸುವುದು ಕಷ್ಟವೇನಲ್ಲ. ಬಸದಿಗೆ ಬರುವ ಜೈನ ಯಾತ್ರಿಕರು ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ಕೇಳಿದಾಗ, ಈರುಳ್ಳಿ ಸಾಂಬಾರಿನಿಂದ ಹೋಳು ತೆಗೆದುಕೊಟ್ಟರೆ ನಡೆಯುವುದಿಲ್ಲ ಎಂದು ಯಾರಿಗೂ ವಿವರಿಸಬೇಕಿಲ್ಲ. ಮಾಂಸ ತಿರುವಿದ ಸೌಟನ್ನು ಸಸ್ಯಾಹಾರಕ್ಕೆ ಹಾಕಬಾರದು ಎಂಬುದೂ ನಮ್ಮ ಅಡುಗೆಮನೆಗಳಿಗೆ ಗೊತ್ತು. ‘ಹಾಗೇ ಇದಕ್ಕೂ ಬೇರೆ ಸೌಟು, ಬೇರೆ ಪಾತ್ರೆ ಬೇಕು. ಇಲ್ಲದಿದ್ದರೆ ಮಗುವಿಗೆ ಉಸಿರು ಕಟ್ಟುತ್ತದೆ’ ಎಂದು ಹೇಳಿ. ‘ಅಲರ್ಜಿ’ ಎಂಬ ಪದಕ್ಕಿಂತ ಈ ಮಾತು ಬೇಗ ಅರ್ಥವಾಗುತ್ತದೆ.

ಫಾರ್ವರ್ಡ್‌ಗಳು ಹೇಳುವುದೇನು, ನಿಜವೇನು?

‘ಚೆನ್ನಾಗಿ ಹುರಿದರೆ ಅಲರ್ಜಿ ಹೋಗುತ್ತದೆ.’ ಕಡಲೆಕಾಯಿಯ ಅಲರ್ಜಿಕಾರಕ ಪ್ರೋಟೀನ್ ಹುರಿದರೂ ಉಳಿಯುತ್ತದೆ. ಹಾಲು, ಮೊಟ್ಟೆಯ ಅಲರ್ಜಿ ಇರುವ ಕೆಲವು ಮಕ್ಕಳು ಕೇಕಿನಲ್ಲಿ ಬೆಂದ ರೂಪದಲ್ಲಿ ಅವನ್ನು ತಾಳಿಕೊಳ್ಳುತ್ತಾರೆ ನಿಜ. ಅದನ್ನು ವೈದ್ಯರ ಎದುರು ಪರೀಕ್ಷಿಸಬೇಕು, ಹೋಟೆಲ್‌ನಲ್ಲಿ ಅಲ್ಲ.

‘ಗಾಣದ ಎಣ್ಣೆ ಶುದ್ಧ, ಯಾರಿಗೂ ತೊಂದರೆಯಿಲ್ಲ.’ ಕಡಲೆಕಾಯಿ ಅಲರ್ಜಿ ಇರುವವರಿಗೆ ಇದು ತಿರುಗುಮುರುಗು. ಪೂರ್ತಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಪ್ರೋಟೀನ್ ಬಹುತೇಕ ಇರುವುದಿಲ್ಲ. ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಉಳಿದಿರುತ್ತದೆ.

‘ದಿನಾ ಸ್ವಲ್ಪ ಸ್ವಲ್ಪ ತಿಂದು ರೂಢಿ ಮಾಡಿಕೊಳ್ಳಿ.’ ಇಂಥ ಚಿಕಿತ್ಸೆ ಇದೆ. ಅಳೆದ ಪ್ರಮಾಣದಲ್ಲಿ, ತಜ್ಞರ ನಿಗಾದಲ್ಲಿ, ತಿಂಗಳುಗಟ್ಟಲೆ ನಡೆಯುತ್ತದೆ. ಮನೆಯಲ್ಲಿ ಮಾಡುವಂಥದ್ದಲ್ಲ.

‘ಪಿತ್ತದ ಗಂಧೆ, ಮಜ್ಜಿಗೆ ಕುಡಿಸಿ ಮಲಗಿಸಿ.’ ಗಂಧೆಯಷ್ಟೇ ಇದ್ದರೆ ತಾನಾಗಿಯೇ ಇಳಿಯಬಹುದು. ತಿಂದ ಕೂಡಲೇ ಎದ್ದ ಗಂಧೆಯ ಜೊತೆ ಕೆಮ್ಮು, ಧ್ವನಿ ಬದಲಾವಣೆ, ಪದೇ ಪದೇ ವಾಂತಿ, ತಲೆಸುತ್ತು ಇದ್ದರೆ ಕಾಯುವಂತಿಲ್ಲ. ಕೆಲವರಿಗೆ ಗಂಧೆ ಏಳದೆಯೂ ಅನಾಫಿಲ್ಯಾಕ್ಸಿಸ್ ಆಗುತ್ತದೆ.

‘ಜೇಬಿನಲ್ಲಿ ಅವಿಲ್ ಅಥವಾ ಸೆಟಿರಿಜಿನ್ ಇದ್ದರೆ ಸಾಕು.’ ಇವು ತುರಿಕೆ ತಗ್ಗಿಸುತ್ತವೆ. ಕಟ್ಟುತ್ತಿರುವ ಗಂಟಲನ್ನು ಬಿಡಿಸಲಾರವು, ಕುಸಿದ ರಕ್ತದೊತ್ತಡವನ್ನು ಎತ್ತಲಾರವು.

ಉಸಿರು ಕಟ್ಟಿದರೆ ಏನು ಮಾಡಬೇಕು?

ಅನಾಫಿಲ್ಯಾಕ್ಸಿಸ್‌ಗೆ ಮೊದಲ ಔಷಧ ಅಡ್ರಿನಲಿನ್ ಚುಚ್ಚುಮದ್ದು. ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡಬೇಕು. ಇದು ದುಬಾರಿ ಔಷಧವಲ್ಲ, ಸರ್ಕಾರಿ ಆಸ್ಪತ್ರೆಗಳಲ್ಲಿ ತುರ್ತಿಗೆಂದು ಇಟ್ಟಿರುತ್ತಾರೆ.

ಅನಾಫಿಲ್ಯಾಕ್ಸಿಸ್‌ನಿಂದ ಸಾವು ಬಹಳ ಅಪರೂಪ. ಆದರೆ ಬ್ರಿಟನ್ನಿನ ಅಂಥ ಸಾವುಗಳನ್ನು ಪರಿಶೀಲಿಸಿ 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಹಾರ ಕಾರಣವಾಗಿದ್ದ ಪ್ರಕರಣಗಳಲ್ಲಿ ಹೃದಯ ಅಥವಾ ಉಸಿರು ನಿಲ್ಲುವುದಕ್ಕೆ ಹಿಡಿದ ಮಧ್ಯಮ ಅವಧಿ 30 ನಿಮಿಷ. ಹಳೇಬೀಡಿನಿಂದ ಹಾಸನ ಸುಮಾರು 30 ಕಿಲೋಮೀಟರ್. ಹಾಗಾಗಿ ದೊಡ್ಡ ಆಸ್ಪತ್ರೆಯೇ ಬೇಕೆಂದು ನೇರ ಅಲ್ಲಿಗೆ ಓಡಬೇಡಿ. 108ಕ್ಕೆ ಕರೆ ಮಾಡಿ, ಅತಿ ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಅಡ್ರಿನಲಿನ್ ಕೊಡಿಸಿ, ಆಮೇಲೆ ಮುಂದಿನ ಚಿಕಿತ್ಸೆಗೆ ಹೋಗಿ. ಅಲ್ಲಿಯವರೆಗೆ ಅಂಗಾತ ಮಲಗಿಸಿ ಕಾಲು ಎತ್ತರಿಸಿಡಿ. ಉಸಿರಾಟ ಕಷ್ಟವಾಗಿದ್ದರೆ ಒರಗಿಸಿ ಕೂರಿಸಿ. ಎದ್ದು ನಡೆಸಬೇಡಿ. ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ಲಕ್ಷಣಗಳು ಮತ್ತೆ ಮರುಕಳಿಸಬಹುದು.

ಹಿಂದೆ ಒಮ್ಮೆ ತೀವ್ರವಾಗಿ ಆಗಿದ್ದರೆ, ಅಡ್ರಿನಲಿನ್ ಜೊತೆಗಿಟ್ಟುಕೊಳ್ಳುವ ಬಗ್ಗೆ, ಅದನ್ನು ಚುಚ್ಚುವ ಕ್ರಮದ ಬಗ್ಗೆ ಪ್ರವಾಸಕ್ಕೆ ಮೊದಲೇ ವೈದ್ಯರಿಂದ ಕಲಿತುಕೊಳ್ಳಿ.

ಹೊರಗೆ ತಿನ್ನುವ ಮುನ್ನ

• ಜನ ಕಿಕ್ಕಿರಿದಿರುವ ಹೊತ್ತು ಬಿಟ್ಟು ಸ್ವಲ್ಪ ಮೊದಲೇ ಹೋಗಿ. ಆಗ ಅಡುಗೆಯವರಿಗೆ ನಿಮ್ಮ ಮಾತು ಕೇಳಲು ಪುರುಸೊತ್ತಿರುತ್ತದೆ.

• ಸಪ್ಲೈಯರ್ ‘ಇಲ್ಲ ಸಾರ್’ ಎಂದರೆ ಸಾಲದು. ಅಡುಗೆ ಮಾಡಿದವರನ್ನೇ ಕೇಳಿ. ‘ಇರಲಿಕ್ಕಿಲ್ಲ’ ಎಂಬ ಉತ್ತರ ಬಂದರೆ ‘ಇದೆ’ ಎಂದೇ ತಿಳಿಯಿರಿ.

• ಅನುಮಾನವಿದ್ದರೆ ಬಾಳೆಹಣ್ಣು, ಎಳನೀರು, ಬರೀ ಇಡ್ಲಿಯಂಥ ಸರಳ ತಿನಿಸು ಆರಿಸಿ. ಚಟ್ನಿ, ಸಾಂಬಾರು ಬಿಡಿ.

• ಶಾಲಾ ಪ್ರವಾಸಕ್ಕೆ ಕಳಿಸುವಾಗ ಮಗುವಿನ ಅಲರ್ಜಿ, ಔಷಧ, ನಿಮ್ಮ ಫೋನ್ ನಂಬರನ್ನು ಬರೆದು ಮೇಷ್ಟ್ರ ಕೈಗೇ ಕೊಡಿ. ಡಬ್ಬಿ ಹಂಚಿಕೊಳ್ಳಬಾರದು ಎಂದು ಮಗುವಿಗೂ ಹೇಳಿ.

• ಕೆಳಗಿನ ಸಾಲುಗಳಲ್ಲಿ ನಿಮ್ಮ ಪದಾರ್ಥದ ಹೆಸರು ಬದಲಿಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಹೋಟೆಲ್‌ನಲ್ಲಿ ತೋರಿಸಿ, ಬೇಕಾದವರಿಗೆ ಫಾರ್ವರ್ಡ್ ಮಾಡಿ:

‘ನನಗೆ ಕಡಲೆಕಾಯಿ ಬೀಜ (ಶೇಂಗಾ, ನೆಲಗಡಲೆ) ಸ್ವಲ್ಪ ತಿಂದರೂ ಉಸಿರು ಕಟ್ಟುತ್ತದೆ. ಇದು ವ್ರತವಲ್ಲ, ಕಾಯಿಲೆ. ಈ ಅಡುಗೆಯಲ್ಲಿ, ಚಟ್ನಿಯಲ್ಲಿ, ಪುಡಿಯಲ್ಲಿ, ಎಣ್ಣೆಯಲ್ಲಿ ಅದು ಇದೆಯೇ? ದಯವಿಟ್ಟು ತೊಳೆದ ಪಾತ್ರೆ, ಬೇರೆ ಸೌಟು ಬಳಸಿ. ಖಚಿತವಿಲ್ಲದಿದ್ದರೆ ಹೇಳಿಬಿಡಿ, ಬೇಸರವಿಲ್ಲ.’