ಆಷಾಢ ಖಾಲಿಯೇ ಇರಲಿ

ಆಷಾಢ ಹಿಡಿದು ನಾಲ್ಕು ದಿನವಾಗಿರಲಿಲ್ಲ, ಬೆಂಗಳೂರಿನ ನಮ್ಮ ಬೀದಿಯ ಸಿಹಿತಿಂಡಿ ಅಂಗಡಿಯಲ್ಲಿ ಪಂಚಮಿ ಉಂಡಿಗಳು ಬಂದು ಕೂತಿದ್ದವು. ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳಿಟ್ಟಿನ ಉಂಡಿ, ಎಲ್ಲ ಒಂದೇ ಡಬ್ಬಿಯಲ್ಲಿ. ನಾಗರ ಪಂಚಮಿಗೆ ಇನ್ನೂ ಒಂದು ತಿಂಗಳಿತ್ತು. ಈ ಊರಲ್ಲಿ ಅಳ್ಳಿಟ್ಟು ಕಂಡದ್ದೇ ಭಾಗ್ಯವೆಂದು ಕೊಂಡುಬಿಟ್ಟೆ. ರಾತ್ರಿ ಧಾರವಾಡಕ್ಕೆ ಫೋನು ಮಾಡಿ ಅವ್ವನಿಗೆ ಹೇಳಿದೆ. ಆಕೆ ಬೈಯಲಿಲ್ಲ. “ಈಗ ತಿಂದ್ರ ಪಂಚಮಿಗೆ ಏನ್ ತಿಂತಿ?” ಅಂದಳು, ಅಷ್ಟೇ.

ಉತ್ತರ ಹೊಳೆಯಲಿಲ್ಲ. ಆ ಸಿಟ್ಟನ್ನು ಇಲ್ಲಿ ತೀರಿಸಿಕೊಳ್ಳುತ್ತಿದ್ದೇನೆ.

ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಹೊಸ ಸೊಸೆ ತವರಿಗೆ ಹೋಗುತ್ತಾಳೆ. ಕೊಳ್ಳುವವರಿಲ್ಲದ ಇಂಥ ತಿಂಗಳು ಕಂಡರೆ ವ್ಯಾಪಾರಕ್ಕೆ ಎದೆ ಒಡೆಯುತ್ತದೆ. ಹಾಗಾಗಿ ‘ಆಷಾಢ ಸೇಲ್’ ಹುಟ್ಟಿತು. ಅದರ ಬೋರ್ಡು ಇಳಿಯುವ ಮೊದಲೇ ವರಮಹಾಲಕ್ಷ್ಮಿ ಆಫರ್ ಏರುತ್ತದೆ. ಗಣಪ ಇನ್ನೂ ನೀರಿಗಿಳಿದಿರುವುದಿಲ್ಲ, ದಸರೆಯ ರಿಯಾಯಿತಿ ಮೊಬೈಲಿನಲ್ಲಿ ಕುಣಿಯುತ್ತಿರುತ್ತದೆ. ಸತ್ತವರನ್ನು ನೆನೆಯಲಿಕ್ಕೆಂದು ಇಟ್ಟ ಪಿತೃಪಕ್ಷ ಇವರಿಗೆ ಹದಿನೈದು ದಿನದ ಅಡ್ಡಿ. ಅಂಗಡಿಯವರನ್ನಷ್ಟೇ ಅಂದರೆ ಸುಳ್ಳಾದೀತು. ಹಬ್ಬದ ಹಿಂದಿನ ಸಂಜೆಯೇ ಶುಭಾಶಯದ ಚಿತ್ರ ಹಂಚಿ, ಹಬ್ಬದ ಬೆಳಿಗ್ಗೆ ಹತ್ತು ಗಂಟೆಗೆ ಏಳುವವರು ನಾವೇ.

ನಮ್ಮ ಕಡೆ ಮಳೆಗಾಲದ ಹಬ್ಬಗಳಿಗೆ ಒಂದು ಸಾಲಿದೆ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ. ಐದೂ ಮಣ್ಣಿನವು. ಬೇಸಿಗೆಯ ಎರೆಮಣ್ಣು ಬಿರುಕು ಬಿಟ್ಟ ಕಲ್ಲು. ಅದರಲ್ಲಿ ಎತ್ತೂ ಆಗದು, ಗೌರಿಯೂ ಆಗದು. ಮುಂಗಾರು ಬಿದ್ದು, ಎರೆ ನೆನೆದು, ಕೈಗೆ ಹತ್ತುವ ಹದಕ್ಕೆ ಬಂದ ಮೇಲೇ ಎತ್ತಿಗೆ ಕೋಡು ಮೂಡುವುದು. ಅವಸರ ಮಾಡಿದರೆ ಮಣ್ಣೇ ಒಪ್ಪುತ್ತಿರಲಿಲ್ಲ. ಆಷಾಢ ಖಾಲಿ ಅನ್ನುವವರು ಗುಳ್ಳವ್ವನನ್ನು ನೋಡಿಲ್ಲ. ಒಂದು ಮುಟಿಗೆ ಮಣ್ಣು, ನಾಲ್ಕು ಗುಲಗಂಜಿ, ಓಣಿಯ ಹುಡುಗಿಯರ ಹಾಡು. ಅದರಲ್ಲಿ ಮಾರಲಿಕ್ಕೆ ಏನೂ ಇಲ್ಲದ್ದರಿಂದ ಅದು ಯಾವ ಬೋರ್ಡಿಗೂ ಏರಲಿಲ್ಲ. ನಾನು ಖಾಲಿ ಇರಲಿ ಅನ್ನುವುದೂ ಇದೇ ಅರ್ಥದಲ್ಲಿ.

ಬೆಂಗಳೂರಿಗೆ ಬಂದ ಮೇಲೆ ಅವರೆಕಾಯಿಯ ರುಚಿ ಹತ್ತಿತು. ಹೊಲದ ಹಳೆಯ ಅವರೆ ಹಗಲು ಗಿಡ್ಡವಾಗುವವರೆಗೆ ಹೂ ಬಿಡುವುದಿಲ್ಲ. ಗಿಡಕ್ಕೆ ಹಗಲಿನ ಲೆಕ್ಕ ಗೊತ್ತು. ಹಾಗಾಗಿಯೇ ಡಿಸೆಂಬರ್-ಜನವರಿಯ ಇಬ್ಬನಿಯಲ್ಲಿ ಸೊಗಡಿನ ಕಾಯಿ ಮಾರುಕಟ್ಟೆ ತುಂಬುತ್ತದೆ, ಸಿಪ್ಪೆಯ ರಾಶಿಯಲ್ಲಿ ರಸ್ತೆಯೇ ಘಮಗುಟ್ಟುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಲೆಕ್ಕ ಕೇಳದ ತಳಿಗಳನ್ನು ಕೊಟ್ಟಿದೆ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂಥವು. ಈಗ ಯಾವ ತಿಂಗಳಲ್ಲಾದರೂ ಅವರೆ ಸಿಗುತ್ತದೆ. ಇದರಲ್ಲಿ ರೈತನ ಹೊಟ್ಟೆಯ ಪ್ರಶ್ನೆಯಿದೆ, ನನ್ನ ನಾಲಗೆ ಅದಕ್ಕಿಂತ ದೊಡ್ಡದಲ್ಲ. ಆದರೆ ಮೇ ತಿಂಗಳಲ್ಲಿ ತಂದ ಅವರೆಯ ಸಾರು ಉಂಡು ಎದ್ದವರಾರೂ ಕೈ ಮೂಸಿ ನೋಡಿಕೊಂಡಿದ್ದು ನಾನು ಕಂಡಿಲ್ಲ.

ಇದೆಲ್ಲ ಹಳಹಳಿಕೆ ಅನ್ನುತ್ತೀರಿ. ಇರಬಹುದು. ಆಷಾಢವೆಂದರೆ ಕಣಜ ಬರಿದಾಗಿ ಹಸಿವು ಒಲೆಯ ಮುಂದೆ ಕೂತಿರುತ್ತಿದ್ದ ತಿಂಗಳು ಎಂದು ಅಜ್ಜಿ ಹೇಳುತ್ತಿದ್ದಳು. ಆ ಖಾಲಿತನ ಯಾರಿಗೂ ಬೇಡ. ಹಬ್ಬದ ಹೆಸರಲ್ಲಿ ಎರಡು ದಿನ ಹೊಗೆ ಕುಡಿದವರು ಹೆಂಗಸರು. ಅವರು ಅಂಗಡಿಯಿಂದ ಹೋಳಿಗೆ ತಂದರೆ ನಾನು ಚಪ್ಪಾಳೆ ತಟ್ಟುತ್ತೇನೆ. ನನ್ನ ಜಗಳ ಅಂಗಡಿಯ ಉಂಡಿಯೊಂದಿಗಲ್ಲ, ಅದು ಬಂದ ದಿನದೊಂದಿಗೆ. “ರಜೆಯೇ ಇಲ್ಲವಲ್ಲ ಸ್ವಾಮಿ, ಏನು ಮಾಡುವುದು?” ಎಂಬ ಪ್ರಶ್ನೆಯೊಂದು ಉಳಿಯುತ್ತದೆ. ಇದಕ್ಕೆ ಮಾತ್ರ ನಾನು ಜೋರುಮಾಡಲಾರೆ, ಯಾಕೆಂದರೆ ಹೋದ ವರ್ಷ ನಾವೂ ಅದನ್ನೇ ಮಾಡಿದೆವು.

ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು, ಜೋಕಾಲಿ ಕಟ್ಟಬೇಕು, ನಾಲ್ಕು ದಿನ ಆಕೆ ತವರಲ್ಲಿ ಇರಬೇಕು. ಹೋದ ಸಲ ಹಬ್ಬ ವಾರದ ನಡುವೆ ಬಿತ್ತು. ಅಕ್ಕನಿಗೂ ನನಗೂ ರಜೆಯಿಲ್ಲ. ಹಿಂದಿನ ಭಾನುವಾರವೇ ಪಂಚಮಿ ಮುಗಿಸೋಣ ಎಂದೆ, ಎಲ್ಲರೂ ಒಪ್ಪಿದರು. ಅಕ್ಕ ತಾನೇ ಕಾರು ಹೊಡೆದುಕೊಂಡು ಬಂದಳು, ಉಂಡಳು, ಫೋಟೋ ತೆಗೆದೆವು, ನಾಲ್ಕಕ್ಕೆ ಹೊರಟಳು. ಜೋಕಾಲಿ ಕಟ್ಟಲಿಲ್ಲ. ಅವ್ವ ನಾಗಪ್ಪನಿಗೆ ಆವತ್ತು ಹಾಲೆರೆಯಲಿಲ್ಲ, ಪಂಚಮಿಯ ದಿನ ಒಬ್ಬಳೇ ಹೋಗಿ ಎರೆದು ಬಂದಳಂತೆ. ಅದೇ ಸಂಜೆ ಅಕ್ಕ ನನಗೆ ಫೋನು ಮಾಡಿದಳು. ಏನು ಮಾತಾಡಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಹಬ್ಬವನ್ನು ಆಗಲೇ ಮುಗಿಸಿಬಿಟ್ಟಿದ್ದೆವಲ್ಲ.

ಈ ವರ್ಷ ಪಂಚಮಿಗೆ ಎರಡು ದಿನದ ರಜೆಗೆ ಅರ್ಜಿ ಹಾಕಿದ್ದೇನೆ. ಕಾರಣದ ಜಾಗದಲ್ಲಿ ‘ಅಕ್ಕನನ್ನು ಕರೆತರಲು’ ಎಂದು ಬರೆದೆ. ಇನ್ನೂ ಮಂಜೂರಾಗಿಲ್ಲ. ಡಬ್ಬಿಯಲ್ಲಿ ಅರ್ಧ ಉಂಡಿ ಹಾಗೇ ಉಳಿದಿವೆ.