ನಿಮ್ಮ ಕನಸಿನ ಹಾಳೆಯನ್ನು ಏಜೆಂಟರ ಕೈಗೆ ಕೊಡಬೇಡಿ

ಕಳೆದ ತಿಂಗಳು ಶಿವಮೊಗ್ಗದ ಒಂದು ಸಭಾಭವನದಲ್ಲಿ ಯುವಕರಿಗೆ ‘ಯಶಸ್ಸಿನ ತರಬೇತಿ’ ಇತ್ತು. ವರದಿಗೆ ಅಂತ ಹೋಗಿದ್ದೆವು. ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟರು. ‘ನಿಮ್ಮ ಕನಸು ಬರೆಯಿರಿ. ದಿನಾ ಬೆಳಿಗ್ಗೆ ಎದ್ದು ಓದಿ. ಉಳಿದದ್ದು ತಾನಾಗಿಯೇ ಆಗುತ್ತದೆ’ ಎಂದರು ಮೈಕ್ ಹಿಡಿದವರು. ನಮ್ಮ ಪಕ್ಕ ಕೂತಿದ್ದ ಭದ್ರಾವತಿ ಕಡೆಯ ಹುಡುಗ ‘ಹತ್ತು ಹಸುವಿನ ಡೇರಿ’ ಎಂದು ಬರೆದು ಸಹಿ ಹಾಕಿದ. ಎದ್ದು ಓದಿದಾಗ ಚಪ್ಪಾಳೆ ಬಿತ್ತು. ಹಾಳೆಯ ಉಳಿದ ಭಾಗ ಖಾಲಿ ಇತ್ತು.

ನಮ್ಮ ತಕರಾರು ಆ ಖಾಲಿ ಭಾಗದ ಬಗ್ಗೆ.

ಹೊರಗೆ ಚಹಾ ಕುಡಿಯುವಾಗ ಹುಡುಗನನ್ನು ಕೇಳಿದೆವು: ‘ಹಸು ವರ್ಷಕ್ಕೆ ಎಷ್ಟು ತಿಂಗಳು ಹಾಲು ಕೊಡುತ್ತೆ?’

‘ಹತ್ತು ತಿಂಗಳು ಸಾರ್. ಮುಂದಿನ ಕರು ಹಾಕೋಕೆ ಮುಂಚೆ ಎರಡು ತಿಂಗಳು ಕರೆಯೋದು ಬಿಡಬೇಕು.’

‘ಸಾಲದ ಕಂತು ಎಷ್ಟು ತಿಂಗಳು ಕಟ್ಟಬೇಕು?’

‘ಹನ್ನೆರಡು’ ಅಂದ. ಆಮೇಲೆ ಸುಮ್ಮನಾದ.

ಹಸುವಿನ ವಿಷಯ ಅವನಿಗೆ ಗೊತ್ತು, ಮೈಕ್ ಹಿಡಿದವರಿಗೆ ಗೊತ್ತಿಲ್ಲ. ಆದರೆ ತನಗೆ ಗೊತ್ತಿದ್ದ ಎರಡು ಸಂಗತಿಗಳನ್ನು ಒಂದೇ ಹಾಳೆಯಲ್ಲಿ ಎದುರುಬದುರು ಬರೆದು ನೋಡು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಕನಸನ್ನು ಕಾಗದಕ್ಕೆ ಇಳಿಸುವುದು ಅಂದರೆ ಇಷ್ಟೇ. ತಲೆಯಲ್ಲಿ ಹತ್ತು ತಿಂಗಳೂ ಹನ್ನೆರಡು ತಿಂಗಳೂ ಜಗಳವಿಲ್ಲದೆ ಇರುತ್ತವೆ. ಹಾಳೆಯ ಮೇಲೆ ಇರಲಾರವು.

ಈ ಭಾಷಣಕಾರರಿಗಿಂತ ಹೆಚ್ಚು ಹಾನಿ ಮಾಡುವವರು ಇನ್ನೊಬ್ಬರಿದ್ದಾರೆ. ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವ ಏಜೆಂಟರು. ಇದನ್ನು ನಾವು ಪೆಟ್ಟು ತಿಂದೇ ಹೇಳುತ್ತಿದ್ದೇವೆ. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿದ ನಾವಿಬ್ಬರು ಶಿವಮೊಗ್ಗದಲ್ಲಿ ವಿಡಿಯೊ ಸ್ಟುಡಿಯೊ ಮಾಡಬೇಕು ಅಂತ ಹೊರಟಿದ್ದೆವು. ಅಂಗಡಿ ಅಡ್ವಾನ್ಸಿಗೆ ಮನೆಯ ಸರ ಅಡವಿಟ್ಟಾಗಿತ್ತು. ಏಜೆಂಟರೊಬ್ಬರಿಗೆ ದುಡ್ಡು ಕೊಟ್ಟು ರಿಪೋರ್ಟ್ ಬರೆಸಿದೆವು. ಬ್ಯಾಂಕಿನಲ್ಲಿ ಸಾಲದ ಅಧಿಕಾರಿ ಪುಟ ತಿರುಗಿಸಿ ಕೇಳಿದರು: ‘ಹಪ್ಪಳ ಒಣಗಿಸೋಕೆ ಜಾಗ ಎಲ್ಲಿದೆ?’

ಬೇರೆ ಯಾರದೋ ಹಪ್ಪಳದ ರಿಪೋರ್ಟಿಗೆ ನಮ್ಮ ಹೆಸರು ಹಾಕಿದ್ದರು. ಒಂದು ಕಡೆ ಹಪ್ಪಳ ಹಾಗೇ ಉಳಿದಿತ್ತು. ನಾವೂ ಓದದೆ ಸಹಿ ಹಾಕಿದ್ದೆವು. ಬರೆಯುವುದೇ ವೃತ್ತಿಯಾದ ನಾವು!

ಏಜೆಂಟರು ಹೇಳದ ಒಂದು ವಿಷಯ ಇಲ್ಲಿ ಹೇಳುತ್ತೇವೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ (ಪಿಎಂಇಜಿಪಿ) ಹಳ್ಳಿಯವರಿಗೆ ಶೇ 25ರಿಂದ 35ರವರೆಗೆ ಸಬ್ಸಿಡಿ ಇದೆ, ನಿಜ. ಆದರೆ ಅದು ನಿಮ್ಮ ಕೈಗೆ ಬರುವುದಿಲ್ಲ. 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ. ಘಟಕ ನಡೆಯುತ್ತಿದೆ ಎಂದು ಖಚಿತವಾದ ಮೇಲೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಮೊದಲು ನಿಮ್ಮದೇ ಪಾಲು ಶೇ 5 ಅಥವಾ 10 ಹಾಕಬೇಕು. ‘ಸಬ್ಸಿಡಿ ದುಡ್ಡಲ್ಲಿ ಶೆಡ್ ಹಾಕ್ತೀನಿ’ ಎಂದು ಕೂತವರ ಲೆಕ್ಕ ಇಲ್ಲೇ ತಪ್ಪುತ್ತದೆ. ನೀವೇ ತಿಂಗಳವಾರು ಬರೆದಿದ್ದರೆ ‘ಈ ದುಡ್ಡು ಯಾವ ತಿಂಗಳು ಬರುತ್ತೆ?’ ಎಂಬ ಪ್ರಶ್ನೆ ತಾನಾಗಿ ಏಳುತ್ತಿತ್ತು.

‘ಬರೆದರೆ ಭಯ ಆಗುತ್ತೆ, ಧೈರ್ಯ ಹೋಗುತ್ತೆ’ ಎನ್ನುವವರಿದ್ದಾರೆ. ಅವರು ಭದ್ರಾವತಿಯನ್ನು ನೋಡಲಿ. ಆ ಊರಿನ ಕಬ್ಬಿಣದ ಕಾರ್ಖಾನೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹಾಕಿದ ಯೋಜನೆ. 1923ರಲ್ಲಿ ಕಬ್ಬಿಣ ಹರಿಯುವ ಹೊತ್ತಿಗೆ ಮೊದಲ ಮಹಾಯುದ್ಧ ಮುಗಿದು ಬೆಲೆ ಕುಸಿದಿತ್ತು. ಅಷ್ಟು ಲೆಕ್ಕದ ಮನುಷ್ಯನ ಯೋಜನೆಗೇ ಮಾರುಕಟ್ಟೆ ಕೈಕೊಟ್ಟಿತು. ದಿವಾನಗಿರಿ ಬಿಟ್ಟಿದ್ದ ಅವರನ್ನೇ ಆಡಳಿತ ಮಂಡಳಿಗೆ ಅಧ್ಯಕ್ಷರಾಗಿ ಕರೆದರು. 1929ರವರೆಗೆ ಇದ್ದು ಖರ್ಚು ಇಳಿಸಿ ಕಾರ್ಖಾನೆಯನ್ನು ನಿಲ್ಲಿಸಿಕೊಂಡರು. ಬರೆದದ್ದು ತಪ್ಪಾಗಬಹುದು. ಆದರೆ ಎಲ್ಲಿ ತಪ್ಪಿತು ಎಂದು ಹುಡುಕಲು ಬರೆದದ್ದು ಇರಬೇಕು. ಬರೆಯದವನಿಗೆ ನಷ್ಟವಾದರೆ ಹಣೆಬರಹವನ್ನೋ ನೆಂಟರ ಕಣ್ಣನ್ನೋ ಬೈಯುವುದಷ್ಟೇ ದಾರಿ.

ಬರೆದಿಟ್ಟರೆ ಎಲ್ಲ ಆಗುತ್ತದೆ ಎಂದು ನಾವು ಹೇಳುವುದಿಲ್ಲ. ಅದೇ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಎಂಪಿಎಂ, 2015ರಲ್ಲಿ ನಿಂತಿತು. ಅಲ್ಲಿ ದುಡಿದವರು ಮಕ್ಕಳ ಫೀಸು, ಮನೆ ಸಾಲ ಎಲ್ಲ ಲೆಕ್ಕ ಹಾಕಿಕೊಂಡೇ ಬದುಕಿದ್ದವರು. ಮೇಲಿನವರ ತೀರ್ಮಾನವನ್ನು ನಮ್ಮ ನೋಟ್‌ಬುಕ್ಕು ತಡೆಯಲಾರದು. ಹಾಗಾಗಿಯೇ ನಮ್ಮ ಕೈಲಿರುವ ಲೆಕ್ಕವನ್ನಾದರೂ ಬೇರೆಯವರಿಗೆ ಬಿಡಬಾರದು.

ಇನ್ನೊಂದು ಮಾತು ಬರುತ್ತದೆ: ‘ನಾವು ಓದಿದವರಲ್ಲ, ನಮಗೆಲ್ಲಿ ಬರುತ್ತೆ?’ ನಿಮ್ಮ ಮನೆಯಲ್ಲೇ ನೋಡಿ. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿದ್ದರೆ ವಾರ ವಾರ ಉಳಿತಾಯ, ಸಾಲ, ಬಡ್ಡಿ ಪುಸ್ತಕಕ್ಕೆ ಏರುತ್ತದೆ. ಒಂದು ರೂಪಾಯಿ ಹೆಚ್ಚುಕಮ್ಮಿ ಆದರೆ ಸಭೆಯಲ್ಲಿ ಕೇಳುತ್ತಾರೆ. ಡಿಗ್ರಿ ಮಾಡಿದ ಮಗ ಲಕ್ಷಗಟ್ಟಲೆ ಸಾಲಕ್ಕೆ ಏಜೆಂಟರ ಹಿಂದೆ ಓಡುತ್ತಾನೆ. ಮೊದಲು ಅಮ್ಮನ ಹತ್ತಿರ ಕೂರಲಿ.

ಹಾಳೆ ತೆಗೆದುಕೊಳ್ಳಿ. ಏನು ಮಾಡುತ್ತೀರಿ ಎಂದು ಒಂದೇ ಸಾಲಲ್ಲಿ ಬರೆಯಿರಿ. ಕೆಳಗೆ ಹನ್ನೆರಡು ತಿಂಗಳ ಗೆರೆ ಹಾಕಿ. ಪ್ರತಿ ತಿಂಗಳ ಎದುರು ಬರುವ ದುಡ್ಡು, ಹೋಗುವ ದುಡ್ಡು ಬರೆಯಿರಿ. ಡೇರಿಯಾದರೆ ಹಿಂಡಿ, ಬೂಸಾ, ಡಾಕ್ಟರು, ಕಂತು. ಹಾಲಿನ ದರ ಫ್ಯಾಟ್ ನೋಡಿ ಕೊಡುತ್ತಾರೆ, ಆದ್ದರಿಂದ ನಿಮ್ಮ ಊರಿನ ಡೇರಿಯಲ್ಲಿ ಕಳೆದ ತಿಂಗಳು ಪಕ್ಕದ ಮನೆಯವರಿಗೆ ನಿಜವಾಗಿ ಸಿಕ್ಕ ದರ ಕೇಳಿ ಬರೆಯಿರಿ. ಗೊತ್ತಿಲ್ಲದ ಕಡೆ ಪ್ರಶ್ನೆ ಗುರುತು ಹಾಕಿ. ಮುಂದಿನ ವಾರ ಆ ಪ್ರಶ್ನೆ ಕೇಳಲು ಯಾರ ಮನೆಗೆ ಹೋಗಬೇಕು ಅಂತಲೂ ಬರೆಯಿರಿ. ರಿಪೋರ್ಟನ್ನು ಟೈಪ್ ಮಾಡಿಸಲು ಬೇಕಾದರೆ ಆಮೇಲೆ ದುಡ್ಡು ಕೊಡಿ.

ನಾವು ಹಾಗೆ ಬರೆದು ನೋಡಿದಾಗ ಶಿವಮೊಗ್ಗದ ಅಂಗಡಿ ಬಾಡಿಗೆಯೇ ನಮ್ಮನ್ನು ನುಂಗುತ್ತಿತ್ತು. ಮದುವೆ ಇಲ್ಲದ ಆಷಾಢದ ಸಾಲಿನಲ್ಲಿ ಬರವು ಸೊನ್ನೆ. ಅಂಗಡಿ ಬಿಟ್ಟೆವು. ಹಳೇ ಕ್ಯಾಮೆರಾ ಒಂದನ್ನು ಕೊಂಡು ಭದ್ರಾವತಿಯ ಮನೆಯಿಂದಲೇ ಕೆಲಸ ಶುರು ಮಾಡಿದೆವು. ಸರ ಬಿಡಿಸಲು ಎರಡು ವರ್ಷ ಹಿಡಿಯಿತು. ಬಿಡಿಸಿದೆವು.

ಮೊನ್ನೆ ಡೇರಿಯ ಹುಡುಗ ವಾಟ್ಸ್ಆಪಿನಲ್ಲಿ ನೋಟ್‌ಬುಕ್ಕಿನ ಫೋಟೊ ಕಳಿಸಿದ. ಹತ್ತು ಹಸುವನ್ನು ಹೊಡೆದು ಎರಡು ಎಂದು ಬರೆದಿದ್ದಾನೆ. ಎರಡೂ ಒಟ್ಟಿಗೆ ಹಾಲು ಬಿಡದ ಹಾಗೆ, ಎರಡನೆಯದನ್ನು ಐದು ತಿಂಗಳು ತಡೆದು ಕೊಳ್ಳುತ್ತಾನಂತೆ. ಏಪ್ರಿಲ್ ಸಾಲಿನಲ್ಲಿ ‘ಹಸಿಹುಲ್ಲು ಎಲ್ಲಿಂದ?’ ಎಂದು ಬರೆದು ಪ್ರಶ್ನೆ ಗುರುತು ಹಾಕಿದ್ದಾನೆ. ಅದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದಾನೆ.